ಲಾಭ, ಎರಡು, ಮೂರು

ಭಟ್ಟಿಯೊಳಗೆ ಮಾತು ಬೇಕಾಗಲ್ಲ, ಮಗಳೇ.
ಮರಳಿನ ಸದ್ದು, ಜರಡಿ ಸದ್ದು, ಮಿಲ್ಲಿನ ಬೆಲ್ಟು.
ಕೈ ಎತ್ತಿದರೆ ಉಪ್ಪುನೀರು,
ಎರಡು ಬೆರಳು ತೋರಿದರೆ ಒಲೆಗೆ ಹೊಟ್ಟು,
ಹುಬ್ಬು ಹಾರಿಸಿದರೆ ಬೀಡಿ.
ಹನ್ನೆರಡು ವರ್ಷ ಹಂಗೇ ದುಡಿದು
ಮನೆಗೂ ಆ ಕೈಸನ್ನೆಯನ್ನೇ ತಂದಿದ್ದೆ.
ಸಾರು ಬೇಕಂದ್ರೆ ತಟ್ಟೆ ಮುಂದೆ ಸರಿಸ್ತಿದ್ದೆ.
"ಇವರ ಬಾಯಾಗೆ ಮುತ್ತೈತಿ, ಉದುರಿದ್ರೆ ಲುಕ್ಸಾನು"
ಅಂತ ನಿಮ್ಮವ್ವ ಫೋನಿನಾಗೆ ತವರಿಗೆ ಹೇಳಿದ್ದು
ಗೋಡೆಗೊರಗಿ ಕೇಳಿಸ್ಕೊಂಡಿದ್ದೆ. ಆಗಲೂ ಸುಮ್ಮನಿದ್ದೆ.

ಅವಳು ಹೊಲಿಗೆ ಯೂನಿಟ್ಟಿಗೆ ಮತ್ತೆ ಹೊರಟ ವಾರ
ಆಶಾ ಗಿರಿಜಕ್ಕ ಬಂದು
ನಿನ್ನನ್ನ ಜೋಳಿಗೆಯಾಗೆ ತೂಗಿ, ಪುಸ್ತಕದಾಗೆ ಬರೆದು,
ನನ್ನ ಕಡೆ ನೋಡಿದಳು:
"ತೂಕ ಅಡ್ಡಿಲ್ಲ. ಮಾತು ಹಾಕ್ತೀಯೇನಪ?"
"ಯಾರಿಗೆ?"
"ಯಾರಿಗೆ ಅಂತಾನೆ ನೋಡು! ಈ ಕೂಸಿಗೆ."
"ಐದು ತಿಂಗಳಿಗೆ ಅದಕ್ಕೇನು ತಿಳೀತತಿ?"
"ಮಂಡಕ್ಕಿ ಅರಳಿದ ಮೇಲೆ ಒಲೆ ಹಚ್ತೀಯೇನು ನೀನು?
ಏನಾರ ಹೇಳು. ಹೇಳಿ, ಸುಮ್ಮನಿರು.
ಅದರ ಸರದಿ ಅದಕ್ಕೆ ಬಿಡು."

ಬಾಗಿಲು ಮುಂದಕ್ಕೆ ಹಾಕಿ
ಮೊದಲು ನಿನಗೆ ಹೇಳಿದ್ದು: "ಇದು ಲುಂಗಿ."
ಆಮೇಲೆ: "ಲುಂಗಿ ಹಿಂಡ್ತೀನಿ."
ಆಮೇಲೆ, ಏನೂ ತೋಚದೆ: "ಹಿಂಡಿದೆ."
ಗೋಡೆಯಾಚೆ ಖೈರೂನ್ ಬೀ ಬಿದ್ದು ಬಿದ್ದು ನಕ್ಕಳು.
ನನ್ನ ಕಿವಿ ಭಟ್ಟಿ ಮರಳಿಗಿಂತ ಕಾದಿತ್ತು.
ನೀನು ಮಾತ್ರ, ತೊಟ್ಟಿಕ್ಕೋ ಲುಂಗಿ ಬಿಟ್ಟು
ನನ್ನ ತುಟಿಯನ್ನೇ ನೋಡ್ತಿದ್ದೆ.
ಗಿರಿಜಕ್ಕ ಹೇಳಿದಂಗೆ ಸುಮ್ಮನಾದೆ.
ಒಂದು ಉಸಿರು. ಇನ್ನೊಂದು.
"ಅಂ... ಗೂ," ಅಂದೆ ನೀನು.

ಲುಂಗಿ ಅಂದಿದ್ದೋ ಏನೋ.

ಆಮೇಲೆ ಯಾರು ನಿಲ್ಲಿಸ್ತಾರೆ?
ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರೋದು ಹೇಳಿದೆ,
ಬಿಂದಿಗೆ ತಳ ಸೋರೋದು ಹೇಳಿದೆ,
ಅಕ್ಕಿ ಕಾದ ಮರಳಿಗೆ ಬಿದ್ದು
ಒಂದು ಗಳಿಗೆ ಏನೂ ಆಗದಂಗೆ ಇರೋದು,
ಆಮೇಲೆ ಒಂದೇ ಸಮ ಚಟಚಟ ಅರಳೋದು...
"ಚಟ" ಅಂದಾಗ ಕೇಕೆ ಹಾಕಿದೆ.
ಹನ್ನೊಂದು ಸಲ ಹೇಳಿಸ್ಕೊಂಡೆ.
ಖೈರೂನ್ ಬೀ ಗೋಡೆ ಮೇಲಿಂದ ಬಗ್ಗಿ "ಮುರ್ಗಿ" ಅಂದಳು,
ನಾನು "ಕೋಳಿ" ಅಂದೆ.
ನೀನು ಇಬ್ಬರನ್ನೂ ಬಿಟ್ಟು ಕೋಳಿ ನೋಡಿದೆ.
ಈಗ ರಾತ್ರಿ ಮೂರಕ್ಕೆ ಒಲೆ ಮುಂದೆ ನಿಂತು
ನಿನಗೆ ಹೇಳೋದನ್ನ ಕೂಡಿಡ್ತೀನಿ, ಚಿಲ್ಲರೆ ಹಂಗೆ.

ನಮ್ಮಪ್ಪ ನನಗೇನು ಹೇಳಿದ್ದ?
ಎಷ್ಟು ತಡಕಿದರೂ ಒಂದು ಮಾತು ಸಿಗಲಿಲ್ಲ.
ಅವತ್ತು ನಿನ್ನ ಕಾಲು ಒರೆಸ್ತಾ ಇದ್ದೆ.
ಹೆಬ್ಬೆರಳು ಹಿಡಿದಾಗ ಬಾಯಿಗೆ ತಾನೇ ಬಂತು: "ಲಾಭ."
ಸಂತೆಯಾಗೆ ಅಪ್ಪ ಸೇರಿನಾಗೆ ಮಂಡಕ್ಕಿ ಅಳೀತಿದ್ದ,
ನನ್ನನ್ನ ತೊಡೆ ಮೇಲಿಟ್ಕೊಂಡು.
ಮೊದಲ ಸೇರಿಗೆ ಒಂದು ಅಂತಿರಲಿಲ್ಲ.
ಲಾಭ, ಎರಡು, ಮೂರು.
ಅವನ ಎದೆ ನನ್ನ ಬೆನ್ನಿಗೆ ಗುಂಯ್ ಅಂತಿತ್ತು.
ಒಂದನೇ ಕ್ಲಾಸಿನಾಗೆ, ಹಲಗೆ ಮುಂದೆ ನಿಲ್ಲಿಸಿದಾಗ,
ನಾನೂ ಲಾಭದಿಂದ ಶುರು ಮಾಡಿದೆ.
ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ.
ಅಪ್ಪ ಮಾತಾಡಲಿಲ್ಲ ಅಂತ
ಮೂವತ್ತು ವರ್ಷ ಲೆಕ್ಕ ಇಟ್ಟಿದ್ದೆನಲ್ಲ,
ಲೆಕ್ಕ ಕಲಿಸಿದೋನೇ ಅವನು.

ಇವತ್ತು ಮಂಗಳವಾರ. ವಿಶೇಷ ಏನೂ ಇಲ್ಲ.
ಅಂಗಳದಾಗೆ ಒಣಹಾಕಿದ ಭತ್ತದ ವಾಸನೆ.
ನಿನ್ನ ಹೆಬ್ಬೆರಳು ಹಿಡಿದು ಬಾಯಿ ಮುಚ್ಕೊಂಡು ಕೂತೆ.
ನೀನು ಬೆರಳು ನೋಡಿದೆ,
ನನ್ನ ಮುಖ ನೋಡಿದೆ.
ಜೊಲ್ಲು ಸುರಿಸ್ತಾ, ಬಲು ಯೋಚಿಸಿ:
"ಆಬ."

ನಿಮ್ಮವ್ವ ಬಂದವಳೇ ಪಾತ್ರೆ ಮುಚ್ಚಳ ಎತ್ತಿ ನೋಡಿದಳು.
"ಗಂಜಿ ಹಂಗೇ ಐತಿ! ಉಣ್ಣಿಸಿಲ್ಲೇನು?"
"ಮಾತಾಡ್ತಾ ಮರ್ತೆ."
ಹೆಗಲ ಚೀಲ ಇಳಿಸದೆ ನಿಂತಳು.
"ಯಾರು? ನೀವಾ?"